ಅಂಚಿನಲ್ಲಿ ಬರೆದ ನಂಬರು

ಆ ವರ್ಷ ಮಾರ್ಚ್ ತಿಂಗಳಲ್ಲಿ ಓಪಲ್ ಅಜ್ಜಿಯ ಕಣ್ಣು ಪೂರಾ ಮಂಜಾಯಿತು. ಇನ್ನು ಓದೋದು ಬಿಟ್ಟುಬಿಡಿ ಅಂತ ಡಾಕ್ಟರು ಹೇಳಿದ ಮೇಲೆ, ಮಗಳು ನೋರೀನ್ ಭಾನುವಾರ ಊಟ ಮುಗಿಸಿ ಅವಳ ಪಕ್ಕ ಕೂತು ತಗಡಿನ ಡಬ್ಬಿಯಲ್ಲಿದ್ದ ಕಾಗದಗಳನ್ನು ಓದಿ ಹೇಳತೊಡಗಿದಳು. ಒಟ್ಟು ಹದಿನಾಲ್ಕು ಕಾಗದ. ಎಲ್ಲವೂ ಡೆಂಜಿಲ್ ವಿಯೆಟ್ನಾಮಿನಿಂದ ಬರೆದವು. ಡೆಂಜಿಲ್ ಅಂದರೆ ಓಪಲ್‌ಳ ಒಬ್ಬನೇ ಮಗ, ನೋರೀನ್‌ಳ ಅಣ್ಣ. ಇಪ್ಪತ್ತು ತುಂಬುವ ಮೊದಲೇ ಅಲ್ಲಿ ಸತ್ತ. ಸತ್ತು ನಲವತ್ತಾರು ವರ್ಷ ಆಗಿತ್ತು. ಅಲ್ಲಿಯವರೆಗೆ ಓಪಲ್ ಆ ಡಬ್ಬಿಯನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

ಓದುವಾಗ ಅಜ್ಜಿಯ ತುಟಿ ಅಲ್ಲಾಡುತ್ತಿತ್ತು. ಅವಳಿಗೆ ಎಲ್ಲವೂ ಬಾಯಿಪಾಠ. ಮಗಳ ಗಂಟಲಿನಿಂದ ಇನ್ನೊಮ್ಮೆ ಕೇಳಬೇಕಿತ್ತು, ಅಷ್ಟೆ.

ನಾಲ್ಕನೇ ಭಾನುವಾರ ನೋರೀನ್ ಹನ್ನೊಂದನೇ ಕಾಗದ ತೆಗೆದಳು. "ಅಮ್ಮ, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯೋನು ನಾನು ಅಂತ ನನಗೊಂದು ಗಿಡ್ಡ ಶಾಟ್‌ಗನ್ ಕೊಟ್ಟಿದ್ದಾರೆ. ಗುರಿ ಹಿಡಿಯೋದೇ ಬೇಡವಂತೆ, ಚರೆ ತಾನೇ ಹರಡಿಕೊಳ್ಳುತ್ತಂತೆ. ನನಗೆ ಇದು ಇಷ್ಟವಿಲ್ಲ. ಅಪ್ಪನಿಗೆ ಹೇಳಬೇಡ, ಊರಿಗೆಲ್ಲ ಸಾರಿಕೊಂಡು ಬರ್ತಾನೆ. ಕಾಲುಚೀಲ ಕಳಿಸು. ಡಬ್ಬಿ ಪೀಚ್ ಹಣ್ಣು ಸಿಕ್ಕರೆ ಅದನ್ನೂ ಕಳಿಸು."

ಬಾಗಿಲಲ್ಲಿ ಕಾಫಿ ಮಗ್ ಹಿಡಿದು ನಿಂತಿದ್ದ ನೋರೀನ್‌ಳ ಗಂಡ ವರ್ಲಿನ್ ಇದನ್ನು ಕೇಳಿಸಿಕೊಂಡ.

"ಇಷ್ಟು ವರ್ಷ ನನಗೆ ಯಾರೂ ಹೇಳಲೇ ಇಲ್ಲವಲ್ಲ" ಅಂದ.

"ಯಾರಿಗೂ ಹೇಳಿಲ್ಲ" ಅಂದಳು ಓಪಲ್. "ಅವನ ಅಪ್ಪನಿಗೂ ಹೇಳಲಿಲ್ಲ. ಸಾಯೋವರೆಗೂ ಗೊತ್ತಿರಲಿಲ್ಲ ಅವರಿಗೆ."

ವರ್ಲಿನ್ ಸ್ಟ್ರೌಡ್‌ಗೆ ಅರವತ್ತಾರು. ನದಿ ದಂಡೆಯ ವಾಲ್ವ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ಓಡಿಸಿ ನಿವೃತ್ತನಾಗಿದ್ದ. ಎಡಗಿವಿ ಕೇಳದು ಅಂತ ಆಗ ಸೈನ್ಯಕ್ಕೆ ಅವನನ್ನು ತೆಗೆದುಕೊಂಡಿರಲಿಲ್ಲ. ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಆಚೆ, ಅವನ ಕಪಾಟುಗಳಿದ್ದವು. ಅದರಲ್ಲಿ ಹತ್ತೊಂಬತ್ತು ಕೋವಿ. ಎಲ್ಲವೂ ಸೈನ್ಯಕ್ಕೆ ಅಂತಲೇ ಮಾಡಿದ ಹಳೆಯ ಶಾಟ್‌ಗನ್‌ಗಳು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬಳಸಿದ್ದು ಎರಡು. ಅವುಗಳ ನಳಿಗೆಯ ಮೇಲೆ ಕೈ ಸುಡದಿರಲೆಂದು ಹಾಕಿದ ತೂತುತೂತಿನ ತಗಡಿನ ಹೊದಿಕೆ ಇತ್ತು, ತುದಿಗೆ ಬಯೊನೆಟ್ ಸಿಕ್ಕಿಸುವ ಕೊಂಡಿ ಇತ್ತು. ಒಂದನ್ನೂ ಅವನು ಹಾರಿಸಿದ್ದಿಲ್ಲ. ಅವನಿಗೆ ಬೇಕಾದದ್ದು ನಂಬರು. ಯಾವ ನಂಬರಿನದು ಯಾವ ವರ್ಷ ಕಾರ್ಖಾನೆ ಬಿಟ್ಟಿತು, ಯಾವ ದಳಕ್ಕೆ ಹೋಯಿತು, ಯುದ್ಧ ಮುಗಿದ ಮೇಲೆ ಯಾವ ಪೊಲೀಸರ ಕೈಗೆ ಬಂತು, ಇದನ್ನೆಲ್ಲ ಸರ್ಕಾರದ ದಫ್ತರಗಳಿಗೆ ಬರೆದು, ಬಂದ ಉತ್ತರವನ್ನು ಏಳು ನೋಟುಬುಕ್ಕುಗಳಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿಟ್ಟಿದ್ದ.

ಈ ಕಸುಬಿನಲ್ಲಿ ಮೋಸ ಬಹಳ. ಯಾವುದೋ ಬೇಟೆ ಕೋವಿಯ ನಳಿಗೆ ಕತ್ತರಿಸಿ, ಹೊಸ ತಗಡು ಹೊದಿಸಿ, ಸೈನ್ಯದ ಗುರುತಾದ ಉರಿಯುವ ಬಾಂಬಿನ ಚಿತ್ರದ ಮುದ್ರೆ ಒತ್ತಿ ಹಳೆಯದು ಅಂತ ಮಾರುವವರಿದ್ದಾರೆ. ಮುದ್ರೆ ಮೊದಲು ಒತ್ತಿ ಆಮೇಲೆ ಬಣ್ಣ ಹಾಕಿದ್ದರೆ ಅಸಲಿ, ಬಣ್ಣದ ಮೇಲೆ ಒತ್ತಿದ್ದರೆ ಅಂಚಿನಲ್ಲಿ ಬಣ್ಣ ಬಿರುಕು ಬಿಟ್ಟಿರುತ್ತದೆ. ಭೂತಗನ್ನಡಿ ಹಿಡಿದ ಕೂಡಲೇ ವರ್ಲಿನ್‌ಗೆ ಗೊತ್ತಾಗುತ್ತಿತ್ತು. ಹಾಗೆ ಮೋಸ ಮಾಡುವವರ ಹೆಸರು ಬಂದರೆ ಊಟದ ನಡುವೆ ಫೋರ್ಕು ಕೆಳಗಿಟ್ಟು, "ಇತಿಹಾಸದ ಮೇಲೆ ಉಚ್ಚೆ ಹೊಯ್ಯೋ ನನ್ಮಕ್ಕಳು" ಅನ್ನುತ್ತಿದ್ದ.

ವಿಯೆಟ್ನಾಮ್ ಕಾಲದ್ದು ಅವನ ಹತ್ತಿರ ಒಂದೇ ಇತ್ತು. ಪಕ್ಕದ ಜಿಲ್ಲೆಯ ಪೊಲೀಸರ ಹರಾಜಿನಲ್ಲಿ ಹಿಡಿದದ್ದು. ಮೂರು ವರ್ಷ ಪತ್ರ ಬರೆದು ಅದು ನಿಜಕ್ಕೂ ಸಮುದ್ರ ದಾಟಿ ಹೋಗಿ ಬಂದದ್ದೇ ಅಂತ ಪತ್ತೆ ಮಾಡಿದ್ದ. ಯಾರ ಕೈಯಲ್ಲಿತ್ತು ಅನ್ನೋದೊಂದೇ ಗೊತ್ತಾಗಿರಲಿಲ್ಲ. ಅದು ಗೊತ್ತಾಗುವುದೂ ಇಲ್ಲ.

ಆ ಭಾನುವಾರದ ಮೇಲೆ ಅವನು ಅತ್ತೆಯ ಹಿಂದೆ ಬಿದ್ದ.

"ಅತ್ತೆ, ಆ ಕಾಗದ ಒಂದು ಸಲ ಕೊಡಿ. ಫೋಟೋ ತೆಗೆದು ಕೊಡ್ತೀನಿ."

"ಬೇಡ."

"ಪ್ರೂಯಿಟ್ ಅಂತ ಒಬ್ಬರು ಪುಸ್ತಕ ಬರೀತಿದ್ದಾರೆ, ಈ ಕೋವಿಗಳ ಮೇಲೆ. ದೊಡ್ಡ ಮನುಷ್ಯ. ಡೆಂಜಿಲ್ ಹೆಸರು ಅದರಲ್ಲಿ ಬರುತ್ತೆ."

"ಸಮಾಧಿ ಕಲ್ಲಿನ ಮೇಲೆ ಇದೆಯಲ್ಲ, ಸಾಕು."

ಅಜ್ಜಿ ಸ್ನಾನಕ್ಕೆ ಹೋದಾಗ ಕಾಗದ ತೆಗೆದು ಕೊಟ್ಟದ್ದು ನೋರೀನ್. ಹಾಗಂತ ಆಮೇಲೆ ಅವಳೇ ಒಪ್ಪಿಕೊಂಡಳು. ಗಂಡ ಮೂರು ದಿನದಿಂದ ಅದೇ ಮಾತಾಡುತ್ತಿದ್ದ, ತಲೆ ಚಿಟ್ಟು ಹಿಡಿದಿತ್ತು. "ಒಂದು ದಿನ, ಅಷ್ಟೆ. ಕಾಫಿ ಗೀಫಿ ಚೆಲ್ಲಬೇಡ" ಅಂದಳು. ಕಾಗದ ವಾಪಸ್ ಬಂದದ್ದು ಒಂಬತ್ತನೆಯ ದಿನ. ಲಕೋಟೆ ಸಮೇತ ಡಬ್ಬಿಯಲ್ಲಿಟ್ಟಳು, ಬಿಚ್ಚಿ ನೋಡಲಿಲ್ಲ.

ಮನೆಯಲ್ಲಿ ಇನ್ನೊಬ್ಬಳಿದ್ದಳು, ವರ್ಲಿನ್ ನೋರೀನ್ ದಂಪತಿಯ ಮಗಳು ಟ್ರೀಸಾ. ಮೂವತ್ತಾರು ವರ್ಷ. ಗಂಡನನ್ನು ಬಿಟ್ಟು ಬಂದು ಮಹಡಿಯ ಕೋಣೆಯಲ್ಲಿದ್ದಳು. ವೃದ್ಧರ ಆರೈಕೆ ಕೇಂದ್ರದಲ್ಲಿ ಬೆಳಗಿನ ಪಾಳಿ. ಅಪ್ಪನಿಗೂ ಅವಳಿಗೂ ಮೊದಲಿಂದ ಅಷ್ಟಕ್ಕಷ್ಟೆ.

"ಏನಪ್ಪ, ಇಷ್ಟು ಖುಷಿ?" ಅಂತ ಒಂದು ಸಂಜೆ ಬೀನ್ಸ್ ಬಡಿಸಿಕೊಳ್ಳುತ್ತ ಕೇಳಿದಳು.

"ಶನಿವಾರ ಪ್ರೂಯಿಟ್ ಬರ್ತಿದ್ದಾರೆ. ಮನೆ ಸ್ವಲ್ಪ ಚೊಕ್ಕಟ ಇರಲಿ. ನೋರೀನ್, ಆ ಪೀಚ್ ಪೈ ಮಾಡು."

"ಡೆಂಜಿಲ್ ಮಾವನ ಕಾಗದ ತೋರಿಸ್ತೀಯಾ?"

"ತೋರಿಸಿದ್ರೆ ಏನಾಯ್ತು? ಅವರು ಮರ್ಯಾದಸ್ಥರು."

"ಅಜ್ಜಿನ ಕೇಳಿದ್ಯಾ?"

"ಕೇಳ್ತೀನಿ, ತಾಳು" ಅಂದ ವರ್ಲಿನ್. ಕೇಳಲಿಲ್ಲ.

ಪ್ರೂಯಿಟ್ ಎಪ್ಪತ್ತು ದಾಟಿದ ಒಣಕಲು ಮನುಷ್ಯ. ಇತಿಹಾಸದ ಮೇಷ್ಟ್ರಾಗಿದ್ದವರು. ಬಾಗಿಲಲ್ಲಿ ಬೂಟು ಒರೆಸಿ ಒಳಗೆ ಬಂದು, ನೆಲಮಾಳಿಗೆಗಿಳಿದು, ಬಿಳಿ ಕೈಗವಸು ತೊಟ್ಟು ಒಂದು ಗಂಟೆ ಆ ವಿಯೆಟ್ನಾಮ್ ಕಾಲದ ಗಿಡ್ಡ ಕೋವಿಯನ್ನೇ ನೋಡಿದರು. ಮೇಲೆ ಬಂದಾಗ ಅವರ ಮುಖದಲ್ಲಿ ಸಂತೋಷವಿತ್ತು.

"ಅಸಲಿ ಮಾಲು, ಸ್ಟ್ರೌಡ್. ನಿಮ್ಮ ನೋಟುಬುಕ್ಕು ನೋಡಿದೆ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದವರನ್ನ ನಾನು ಕಂಡಿಲ್ಲ."

ವರ್ಲಿನ್ ಕೆಂಪಾದ. ಆಗ ಅವನು ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಯಾರ ಕೈಯಲ್ಲಿತ್ತು ಅಂತ ತಿಳಿದ ಕೋವಿಗೆ ಮಾತ್ರ ಆ ಪುಸ್ತಕದಲ್ಲಿ ಪೂರಾ ಒಂದು ಪುಟ. ಅವನು ತಗಡಿನ ಡಬ್ಬಿಯಿಂದ ಲಕೋಟೆ ತಂದು ಅವರ ಮುಂದೆ ಹಿಡಿದ.

ಓಪಲ್ ಮೂಲೆಯ ಕುರ್ಚಿಯಲ್ಲಿ ಪೈ ತಿನ್ನುತ್ತಿದ್ದಳು. "ಏನದು ಕಾಗದದ ಸದ್ದು?"

"ನಿಮ್ಮ ಮಗನ ಪತ್ರ ಅಂತೆ ತಾಯಿ" ಅಂದರು ಪ್ರೂಯಿಟ್. "ನೀವು ಒಪ್ಪಿದ್ರೆ ಓದ್ತೀನಿ."

ಓಪಲ್ ಅಳಿಯನಿದ್ದ ಕಡೆಗೆ ಮುಖ ತಿರುಗಿಸಿದಳು. ಮನೆಗೆ ಬಂದವರ ಮುಂದೆ ಜಗಳ ಆಡುವ ಪೈಕಿ ಅಲ್ಲ ಅವಳು. "ತೆಗೆದಾಗಿದೆಯಲ್ಲ. ಓದಿ" ಅಂದಳು.

ಪ್ರೂಯಿಟ್ ನಿಧಾನವಾಗಿ ಓದಿದರು. ಅಜ್ಜಿಯ ತುಟಿ ಅವರ ಜೊತೆಗೇ ಅಲ್ಲಾಡಿತು. ಗಿಡ್ಡ ಶಾಟ್‌ಗನ್, ಗುರಿ, ಚರೆ. "ಇಷ್ಟವಿಲ್ಲ" ಅನ್ನುವಲ್ಲಿಗೆ ಬಂದಾಗ ಪ್ರೂಯಿಟ್ ಕಾಗದ ಸ್ವಲ್ಪ ಓರೆ ಮಾಡಿದರು. "ಇಲ್ಲಿ ಅಂಚಿನಲ್ಲಿ ಬರೆದಿದ್ದಾನೆ. 'ನನ್ನ ಕೋವಿಯ ನಂಬರು ಒಂದು ಎಂಟು ಆರು ನಾಲ್ಕು ಸೊನ್ನೆ ಒಂಬತ್ತು. ಬಾಯಿಪಾಠ ಮಾಡಿಸಿದ್ದಾರೆ.' ಕೆಳಗಿರೋ ಕೋವಿಯ ನಂಬರೂ ಇದೇ."

ಅಜ್ಜಿಯ ತುಟಿ ನಿಂತಿತು.

"ಅದು ಇಲ್ಲ" ಅಂದಳು.

"ಇಲ್ಲೇ ಇದೆ ತಾಯಿ, ಅಂಚಿನಲ್ಲಿ."

"ಅಂಚಿನಲ್ಲಿ ಏನೂ ಇಲ್ಲ. ಆ ಕಾಗದಕ್ಕೆ ಅಂಚಿನಲ್ಲಿ ಒಂದು ಮಣ್ಣಿನ ಕಲೆ ಇದೆ, ಅಷ್ಟೆ. ನಲವತ್ತಾರು ವರ್ಷ ಓದಿದೀನಿ ಸ್ವಾಮಿ. ನಂಬರು ಗಿಂಬರು ನನ್ನ ಮಗ ಬರೆದಿಲ್ಲ."

"ಅತ್ತೆಗೆ ಎಂಬತ್ತೆಂಟು" ಅಂದ ವರ್ಲಿನ್, ನಗುತ್ತ. "ಮರೆವು."

ಪ್ರೂಯಿಟ್ ನಗಲಿಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದರು, ಕಿಟಕಿಯ ಹತ್ತಿರ ಹೋದರು, ಹತ್ತು ಹನ್ನೆರಡು ಉಸಿರಾಡುವಷ್ಟು ಹೊತ್ತು ನೋಡಿದರು. ಕಾಗದ ಮಡಿಸಿ ಅಜ್ಜಿಯ ಕೈಯಲ್ಲೇ ಇಟ್ಟರು. "ಪೈ ತುಂಬಾ ಚೆನ್ನಾಗಿತ್ತು ಅಮ್ಮಾವ್ರೇ" ಅಂತ ನೋರೀನ್‌ಗೆ ಹೇಳಿ ಹ್ಯಾಟು ಎತ್ತಿಕೊಂಡರು. ವರ್ಲಿನ್ ಕಾರಿನವರೆಗೂ ಹಿಂದೆ ಹೋದ. ಅವರು ಕಿಟಕಿಯ ಗಾಜು ಇಳಿಸಲಿಲ್ಲ.

ಒಳಗೆ ಓಪಲ್ ಕಾಗದ ಹಿಡಿದು ಕೂತೇ ಇದ್ದಳು. "ನೋರೀನ್, ನೋಡಿ ಹೇಳು."

ನೋರೀನ್ ನೋಡಿದಳು. ಅಣ್ಣನ ಅಕ್ಷರವೇ. ಸೊನ್ನೆಗೆ ಬಾಲ ಬಿಡುವುದು, ಎಂಟನ್ನು ಎರಡು ಉಂಡೆ ಮಾಡಿ ಬರೆಯುವುದು, ಎಲ್ಲ ಅವನದೇ. ತಾನು ಓದಿದ ದಿನ ಅಂಚಿನ ಕಡೆ ನೋಡಿರಲಿಲ್ಲ. ಆದರೆ ಮಣ್ಣಿನ ಕಲೆಯ ಮೇಲೆ ಹಾದುಹೋದ ಕಡೆ ಶಾಯಿ ಮಣ್ಣಿನ ಮೇಲೆ ಕೂತಿತ್ತು, ಕೆಳಗಲ್ಲ.

"ಹೌದಮ್ಮ" ಅಂದಳು. "ಇದೆ."

"ಅವನು ಬರೆದದ್ದಾ?"

ನೋರೀನ್ ಕಾಗದ ಮಡಿಸಿ ತಾಯಿಯ ಕೈಗೆ ವಾಪಸ್ ಕೊಟ್ಟಳು. ಅಡುಗೆ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ನಾಲ್ಕು ದಿನ ವರ್ಲಿನ್ ಒಪ್ಪಲಿಲ್ಲ. "ನಿಮ್ಮಮ್ಮನಿಗೆ ತಲೆ ಕೆಟ್ಟಿದೆ, ನಿನಗೂ ಕೆಟ್ಟಿದೆಯಾ?" ಅಂದ. ಗುರುವಾರ ಟ್ರೀಸಾ ಸಮವಸ್ತ್ರ ಒಗೆಯಲು ನೆಲಮಾಳಿಗೆಗೆ ಇಳಿದಳು. ಸೋಪಿನ ಪುಡಿ ಮುಗಿದಿತ್ತು. ಹೊಸ ಡಬ್ಬ ಹುಡುಕುತ್ತ ಅಪ್ಪನ ಮೇಜಿನ ಕೆಳಗೆ ಕೈ ಹಾಕಿದಾಗ ಎಣ್ಣೆ ಬಟ್ಟೆಗಳ ನಡುವೆ ಕಾಗದದ ಉಂಡೆಗಳು ಸಿಕ್ಕವು.

ಆ ರಾತ್ರಿ ಊಟಕ್ಕೆ ಖೀಮಾವನ್ನು ಅಚ್ಚಿನಲ್ಲಿ ಒತ್ತಿ ಬೇಯಿಸಿ ಹೋಳು ಮಾಡಿದ್ದರು, ಕಿವುಚಿದ ಆಲೂಗಡ್ಡೆ ಇತ್ತು. ಟ್ರೀಸಾ ಉಂಡೆಗಳನ್ನು ಒಂದೊಂದಾಗಿ ಬಿಡಿಸಿ ಗ್ರೇವಿ ಬಟ್ಟಲಿನ ಪಕ್ಕ ಹಾಸಿದಳು. ಇಪ್ಪತ್ತಕ್ಕೂ ಹೆಚ್ಚು ಹಾಳೆ. ಪ್ರತಿಯೊಂದರಲ್ಲೂ ಅದೇ ನಂಬರು, ಸಾಲುಸಾಲಾಗಿ. ಮೊದಲ ಹಾಳೆಗಳಲ್ಲಿ ವರ್ಲಿನ್‌ನ ಕೈ, ಹೋಗ್ತಾ ಹೋಗ್ತಾ ಡೆಂಜಿಲ್‌ನ ಕೈ. ಕೊನೆಯ ಎರಡರಲ್ಲಿ ನಂಬರಿನ ಜೊತೆ "ನಿನ್ನ ಮಗ, ಡೆಂಜಿಲ್" ಅಂತಲೂ ಬರೆದಿತ್ತು.

"ಇದ್ಯಾಕಪ್ಪ ಬರೆದೆ? ಸಹಿ ಯಾಕೆ?" ಅಂದಳು ಟ್ರೀಸಾ. "ಸಹಿ ಬೇಕಾಗೇ ಇರಲಿಲ್ಲವಲ್ಲ."

"ಕೈ ತಿರುಗಲಿ ಅಂತ" ಅಂದ ವರ್ಲಿನ್. ತುತ್ತು ನುಂಗಿ ಮುಂದುವರಿಸಿದ. "ನೋಡಿ, ಇದರಿಂದ ಯಾರಿಗೇನು ನಷ್ಟ? ಅವನ ಕೈಯಲ್ಲಿ ಅಂಥದ್ದೇ ಕೋವಿ ಇತ್ತು. ಅದೇ ವರ್ಷ, ಅದೇ ದೇಶ. ಇದೇ ಆಗಿರಬಹುದು. ಆಗಿರಬಾರದು ಅಂತ ಏನಿದೆ? ಆ ಕಾಲದ ಪೆನ್ನೇ ಬೇಕು ಅಂತ ಒಂದು ವಾರ ಹುಡುಕಿದೀನಿ, ಗೊತ್ತಾ? ಯಾರು ನೆನೀತಾರೆ ಅವನನ್ನ? ಪುಸ್ತಕದಲ್ಲಿ ಬಂದಿದ್ರೆ ನಾಲ್ಕು ಜನ ನೆನೀತಿದ್ರು."

"ಪೆನ್ನು ಹುಡುಕಿದ್ನಂತೆ" ಅಂದಳು ನೋರೀನ್, ಯಾರಿಗೂ ಅಲ್ಲ.

ಓಪಲ್ ಬಾಯಿ ಒರೆಸಿಕೊಂಡಳು. "ವರ್ಲಿನ್, ಊರಿಗೆ ಹೇಳಬೇಡ ಅಂತ ಅವನು ಬರೆದಿದ್ದ. ಅದನ್ನ ಓದಿದ್ಯಾ?"

"ಓದಿದೆ ಅತ್ತೆ. ಹುಡುಗುತನ ಅದು."

"ಅದರ ಪಕ್ಕದಲ್ಲೇ ಬರೆದ್ಯಲ್ಲ."

ವರ್ಲಿನ್ ಗ್ರೇವಿ ಬಟ್ಟಲು ಹತ್ತಿರ ಎಳೆದುಕೊಂಡ. ಅಜ್ಜಿ ಸ್ವೆಟರಿನ ಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲೆ ತಡಕಾಡಿ ಅವನ ಕಡೆಗೆ ತಳ್ಳಿದಳು. "ನೀನೇ ಇಟ್ಕೋ. ಇದನ್ನ ಮುಟ್ಟಿದ್ರೆ ನಿನ್ನ ಕೈ ಮುಟ್ಟಿದ ಹಾಗಾಗುತ್ತೆ ನನಗೆ."

ಅವನು ಅದನ್ನು ತೆಗೆದುಕೊಂಡ. ನೋರೀನ್‌ಗೆ ಆಮೇಲೆ ಬಹಳ ದಿನ ಕಾಡಿದ್ದು ಅದೇ. ಒಂದು ಸಲ ಬೇಡ ಅನ್ನಲಿಲ್ಲ, ತಲೆ ತಗ್ಗಿಸಲಿಲ್ಲ. ಗ್ರೇವಿ ತಾಗದ ಹಾಗೆ ಹುಷಾರಾಗಿ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು, ಆಲೂಗಡ್ಡೆ ಇನ್ನೊಂದು ಚಮಚ ಬಡಿಸಿಕೊಂಡ.

ಮೂರು ವಾರ ಮನೆಯಲ್ಲಿ ಎಷ್ಟು ಬೇಕೋ ಅಷ್ಟೇ ಮಾತು. ನೋರೀನ್ ಮಲಗುವುದನ್ನು ತಾಯಿಯ ಕೋಣೆಗೆ ಬದಲಾಯಿಸಿಕೊಂಡಳು. ಅವನ ಬಟ್ಟೆ ಒಗೆದಳು, ಇಸ್ತ್ರಿ ಮಾಡಲಿಲ್ಲ. ಜೂನ್ ಮೂರನೇ ಶನಿವಾರ ವರ್ಲಿನ್ ಬೆಳಗ್ಗೆಯೇ ಗಾಡಿ ತೆಗೆದ. "ರಾಯ್ಸ್ ಜೊತೆ ಮೀನು ಹಿಡಿಯೋಕೆ ಹೋಗ್ತೀನಿ" ಅಂದ. ರಾಯ್ಸ್ ಅವನ ತಮ್ಮ.

ಹತ್ತೂವರೆಗೆ ಫೋನು ಬಂತು. ಪ್ರೂಯಿಟ್.

"ಅಮ್ಮಾವ್ರೇ, ಇದು ನನಗೆ ಸಂಬಂಧಪಟ್ಟದ್ದಲ್ಲ. ಆದ್ರೂ ಹೇಳದೆ ಇರೋಕಾಗಲಿಲ್ಲ. ಇಲ್ಲಿ ಕೋವಿಗಳ ಮಾರಾಟದ ಮೇಳ ನಡೀತಿದೆ. ನಿಮ್ಮ ಯಜಮಾನರು ಮೇಜು ಹಾಕಿದ್ದಾರೆ. ಆ ಕಾಗದ ಪ್ಲಾಸ್ಟಿಕ್ ಚೀಲದಲ್ಲಿ ಕೋವಿ ಪಕ್ಕ ಇಟ್ಟಿದ್ದಾರೆ."

"ಎಲ್ಲಿ?" ಅಂದಳು ನೋರೀನ್.

ಪಕ್ಕದ ಮನೆಯ ಹೆಂಗಸನ್ನು ತಾಯಿಯ ಹತ್ತಿರ ಕೂರಿಸಿ, ಟ್ರೀಸಾಳನ್ನು ಕರೆದುಕೊಂಡು ಹೊರಟಳು. ಒಂದೂವರೆ ಗಂಟೆಯ ದಾರಿ. ಟ್ರೀಸಾ ಗಾಡಿ ಓಡಿಸಿದಳು. ಮೇಳ ನಡೆದದ್ದು ದನದ ಪ್ರದರ್ಶನಕ್ಕೆ ಕಟ್ಟಿಸಿದ ದೊಡ್ಡ ತಗಡಿನ ಕಟ್ಟಡದಲ್ಲಿ. ಒಳಗೆ ಸಾಸೇಜಿನ ಹೊಗೆ, ಕೋವಿ ಎಣ್ಣೆಯ ವಾಸನೆ, ನೂರಾರು ಗಂಡಸರ ಬೆವರು. ನೋರೀನ್ ಮೂಗಿಗೆ ಕರವಸ್ತ್ರ ಹಿಡಿದು ನಡೆದಳು.

ವರ್ಲಿನ್ ಮೂರನೇ ಸಾಲಿನಲ್ಲಿದ್ದ. ಹಸಿರು ಬಟ್ಟೆ ಹಾಸಿ ಗಿಡ್ಡ ಕೋವಿ ಮಲಗಿಸಿದ್ದ. ಅದರ ತಲೆಯ ಹತ್ತಿರ ಡೆಂಜಿಲ್‌ನ ಸೈನ್ಯದ ಫೋಟೋ. ಅದು ಮನೆಯ ಆಲ್ಬಮ್ಮಿನಿಂದ ಯಾವಾಗ ಹೋಗಿತ್ತೋ ಯಾರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಕಾಗದ. ಎದುರಿಗೆ ನೀಟಾಗಿ ಬಟ್ಟೆ ಹಾಕಿಕೊಂಡ ಒಬ್ಬ ನಡುವಯಸ್ಸಿನವನು ನಿಂತಿದ್ದ, ಹಲ್ಲಿನ ಡಾಕ್ಟರು ಅಂತ ಆಮೇಲೆ ತಿಳಿಯಿತು. ಅವನು ಆಗಲೇ ದುಡ್ಡು ಕೊಟ್ಟಿದ್ದ.

"ಬಾವಮೈದುನ ಅಂದ್ರೆ ಒಡಹುಟ್ಟಿದವನ ಹಾಗಿದ್ದ ನನಗೆ" ಅಂತ ವರ್ಲಿನ್ ಹೇಳುತ್ತಿದ್ದ.

"ಅವನು ಸತ್ತ ಮೇಲೆ ಅಲ್ವಾ ನೀನು ನನ್ನ ನೋಡಿದ್ದು" ಅಂದಳು ನೋರೀನ್ ಹಿಂದಿನಿಂದ.

ವರ್ಲಿನ್ ತಿರುಗಿದ. "ನೀನ್ಯಾಕೆ ಬಂದೆ ಇಲ್ಲಿಗೆ?"

ನೋರೀನ್ ಕಾಗದವನ್ನೂ ಫೋಟೋವನ್ನೂ ಎತ್ತಿಕೊಂಡಳು. ಡಾಕ್ಟರು ಕೈ ಅಡ್ಡ ತಂದ. "ಒಂದು ನಿಮಿಷ, ಅದು ನಾನು ಕೊಂಡದ್ದು. ಕೋವಿ ಜೊತೆ."

"ಇದು ನನ್ನಣ್ಣನ ಕಾಗದ. ಇದರಲ್ಲಿರೋ ನಂಬರು ಬರೆದವನು ಇವನು. ಈ ಏಪ್ರಿಲ್‌ನಲ್ಲಿ, ನಮ್ಮ ನೆಲಮಾಳಿಗೆಯಲ್ಲಿ."

"ಬರೆದು ಬರೆದು ಕಲಿತ ಹಾಳೆಗಳು ಮನೇಲಿವೆ" ಅಂದಳು ಟ್ರೀಸಾ. "ಬೇಕಾದ್ರೆ ಕಳಿಸ್ತೀನಿ."

ಅಕ್ಕಪಕ್ಕದ ಮೇಜಿನವರು ಮಾತು ನಿಲ್ಲಿಸಿದರು. ಒಬ್ಬರೂ ವರ್ಲಿನ್‌ನ ಮುಖ ನೋಡಲಿಲ್ಲ. ತಮ್ಮ ತಮ್ಮ ಕಾಫಿ ಲೋಟದೊಳಗೆ ನೋಡಿದರು. ಡಾಕ್ಟರು ಸಾಲಿನ ತುದಿಯಲ್ಲಿ ನಿಂತಿದ್ದ ಪ್ರೂಯಿಟ್‌ರನ್ನು ಕರೆದ.

"ಕೋವಿನೂ ಖೋಟಾನಾ?"

"ಕೋವಿ ಅಸಲಿ" ಅಂದರು ಪ್ರೂಯಿಟ್. "ಅದಕ್ಕೆ ಯಾವ ಸುಳ್ಳೂ ಬೇಕಾಗಿರಲಿಲ್ಲ. ಇವರ ನೋಟುಬುಕ್ಕೇ ಸಾಕಿತ್ತು. ಇವರ ಹೆಸರಿನಲ್ಲೇ ಹಾಕ್ತಿದ್ದೆ ಅದನ್ನ."

ವರ್ಲಿನ್ ಆಗ ಮೊದಲ ಸಲ ಕೂತುಕೊಂಡ.

ಡಾಕ್ಟರು ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಸರಿ ಹಾಗಾದ್ರೆ. ಕಾಗದ ಇಲ್ಲದ್ದಕ್ಕೆ ಎಷ್ಟು ಕಡಿಮೆ ಮಾಡ್ತೀರಿ?"

ವರ್ಲಿನ್ ಲೆಕ್ಕ ಹಾಕತೊಡಗಿದ. ಹೆಂಡತಿ, ಮಗಳು ಎದುರಿಗೆ ನಿಂತಿದ್ದಾರೆ, ಇವನು ತುಟಿ ಒಳಗೆ ಲೆಕ್ಕ ಹಾಕುತ್ತಿದ್ದಾನೆ. ಅಷ್ಟರಲ್ಲಿ ಹಿಂದಿನ ಮೇಜಿನ ಒಬ್ಬ ಮುದುಕ ನೋರೀನ್‌ಳ ಮೊಣಕೈ ಮುಟ್ಟಿ, ತಗ್ಗಿದ ದನಿಯಲ್ಲಿ, "ಅಮ್ಮ, ಬೇಜಾರು ಮಾಡ್ಕೋಬೇಡಿ, ಬರೀ ಆ ಫೋಟೋ ಕೊಡೋ ಹಾಗಿದ್ರೆ..." ಅಂದ. ನೋರೀನ್ ಕೈ ಕಿತ್ತುಕೊಂಡು ಬಾಗಿಲ ಕಡೆ ನಡೆದಳು. ಗಾಡಿಯ ಹತ್ತಿರ ಬಂದು ಚಕ್ರದ ಪಕ್ಕ ಬಗ್ಗಿ ವಾಂತಿ ಮಾಡಿಕೊಂಡಳು. ಟ್ರೀಸಾ ಬೆನ್ನು ನೀವಿದಳು, ನೀರು ಕೊಟ್ಟಳು.

ಮನೆಗೆ ಬಂದು ತಾಯಿಗೆ ಎಲ್ಲ ಹೇಳಿದಳು, ಏನೂ ಮುಚ್ಚಿಡದೆ. ತಾನೇ ಡಬ್ಬಿ ತೆಗೆದು ಕೊಟ್ಟದ್ದನ್ನೂ ಹೇಳಿದಳು. 

"ಕೊಟ್ಟೆ ಅಂತ ಗೊತ್ತಿತ್ತು ನನಗೆ. ಡಬ್ಬಿ ಮುಚ್ಚಳ ನೀನು ಗಟ್ಟಿಯಾಗಿ ಒತ್ತಿಡ್ತೀಯ" ಅಂದಳು ಓಪಲ್.

"ಕಾಗದ ತಂದಿದೀನಮ್ಮ. ವಾಪಸ್ ಇಡ್ಲಾ?"

"ಡಬ್ಬೀಲಿ ಇಡಬೇಡ. ಮಿಕ್ಕವಕ್ಕೆ ತಾಗುತ್ತೆ."

ನೋರೀನ್ ಅದನ್ನು ತನ್ನ ಬಟ್ಟೆಯ ಡ್ರಾಯರಿನ ತಳದಲ್ಲಿಟ್ಟಳು.

ವರ್ಲಿನ್ ಆರು ಗಂಟೆಗೆ ಬಂದ. ಖಾಲಿ ಕೋವಿಚೀಲ ಮೂಲೆಗೆ ಒರಗಿಸಿ, ಕೈ ತೊಳೆದು, ಮೇಜಿಗೆ ಬಂದು ಕೂತ. ಹಂದಿಮಾಂಸದ ಹೋಳು, ಬೀಟ್‌ರೂಟ್ ಉಪ್ಪಿನಕಾಯಿ ಬಡಿಸಿಕೊಂಡ.

"ದುಡ್ಡು ನಿಮಗೇ ಅಂತ ಇಟ್ಟಿದ್ದೆ ಅತ್ತೆ. ನಿಮ್ಮ ಸ್ನಾನದ ಮನೆಗೆ ಹಿಡಿಕೆ ಹಾಕಿಸೋಣ ಅಂತ."

ಓಪಲ್ ಫೋರ್ಕು ಕೆಳಗಿಟ್ಟಳು. "ನೋರೀನ್, ನನ್ನ ಕೋಣೆಗೆ ಕರ್ಕೊಂಡು ಹೋಗು. ಇವನು ಅಗಿಯೋ ಸದ್ದು ಕೇಳಿದ್ರೆ ನನಗೆ ಊಟ ಇಳಿಯೋಲ್ಲ."

"ನೀನು ಕೂತ್ಕೋಮ್ಮ" ಅಂದಳು ನೋರೀನ್. "ಏಳಬೇಕಾದವಳು ನೀನಲ್ಲ."

ಗಂಡನ ಮುಂದಿನ ತಟ್ಟೆ ಎತ್ತಿದಳು. ನೆಲಮಾಳಿಗೆಯ ಬಾಗಿಲು ತೆರೆದು ಮೊದಲ ಮೆಟ್ಟಿಲ ಮೇಲೆ ಇಟ್ಟಳು, ಪಕ್ಕದಲ್ಲಿ ಫೋರ್ಕು, ನೀರಿನ ಲೋಟ.

"ನಾನೇನು ನಾಯಿನಾ?" ಅಂದ ವರ್ಲಿನ್.

"ಕೂಗಾಡಬೇಡ. ಆರುತ್ತೆ, ಹೋಗು."

ಅವನು ಮಗಳ ಕಡೆ ನೋಡಿದ. ಟ್ರೀಸಾ ಅಜ್ಜಿಯ ತಟ್ಟೆಯ ಮಾಂಸ ಸಣ್ಣಗೆ ಕತ್ತರಿಸಿ ಕೊಡುತ್ತಿದ್ದಳು, ತಲೆ ಎತ್ತಲಿಲ್ಲ. ಅವನು ಎದ್ದು ತಟ್ಟೆ ಹಿಡಿದು ಕೆಳಗೆ ಇಳಿದ. ಮರುದಿನವೂ ಮೆಟ್ಟಿಲ ಮೇಲೆ ಇಟ್ಟಳು. ಅದರ ಮರುದಿನವೂ. ಜಗಳವಾಡಿದರೆ ನಿಲ್ಲಬಹುದು ಅಂತ ಒಂದೆರಡು ಸಲ ಬಾಯಿ ಮಾಡಿದ. ಯಾರೂ ಎದುರಾಡಲಿಲ್ಲ, ಹಾಗಾಗಿ ಅದೂ ನಿಂತಿತು. ಹದಿನೆಂಟು ಕೋವಿಗಳ ನಡುವೆ ಮೇಜು ಸರಿಸಿಕೊಂಡು ಅಲ್ಲೇ ಉಣ್ಣತೊಡಗಿದ.

ಉಂಡ ತಟ್ಟೆಯನ್ನು ಅವನು ತಂದು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಹಾಕುತ್ತಿದ್ದ. ಜುಲೈ ತಿಂಗಳ ಒಂದು ಬೆಳಗ್ಗೆ ನೋರೀನ್ ಅದನ್ನು ತೊಳೆಯಲು ತೆಗೆದಾಗ ಅಂಚಿನಲ್ಲಿ ಎಣ್ಣೆಯ ಹೆಬ್ಬೆರಳ ಗುರುತು ಕಂಡಿತು. ಸೋಪು ಹಾಕಿ ಉಜ್ಜಿದಳು. ಗುರುತು ಹೋಯಿತು. ಮೂಸಿ ನೋಡಿ ಇನ್ನೊಮ್ಮೆ ಉಜ್ಜಿದಳು, ಬಿಸಿನೀರು ಹೊಯ್ದು ಮತ್ತೆ ಉಜ್ಜಿದಳು. ಆಮೇಲೆ ಆ ತಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಿಲ ಕಸದ ಡಬ್ಬಿಗೆ ಹಾಕಿ ಬಂದಳು. ಸಂಜೆ ಅಂಗಡಿಯಿಂದ ಅವನೊಬ್ಬನಿಗೆ ಅಂತ ಕಾಗದದ ತಟ್ಟೆಗಳ ಕಟ್ಟು ತಂದಳು, ನೂರರದ್ದು.